ಮದ್ದು ತೂಗೋ ಹುಡುಗಗ ನಗಬ್ಯಾಡ್ರಿ

ಅಮೆರಿಕಾದಾಗಿರೋ ನಮ್ಮ ಅಕ್ಕನ ಮಗಗ ಗುರಿ ಹೊಡಿಯೋ ಹವ್ಯಾಸ ಐತಿ. ರೈಫಲ್ಲಿನ ಕಾಡತೂಸು ತಾನ ತುಂಬಿಕೊಳ್ತಾನ. ಅಲ್ಲೆ ಅದಕ್ಕ ಅವಕಾಶ ಐತಿ. ನಮ್ಮ ದೇಶದಾಗ ಲೈಸೆನ್ಸ್ ಇಲ್ಲದ ಮಾಡಿದ್ರ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಬಂಗಾರ ತೂಗಿದಂಗ ಮದ್ದು ತೂಗತಾನಂತ ಹಿರೇಬೆಂಡಿಗೇರ್ಯಾಗ ನೀವೆಲ್ಲಾ ನಗತೀರಿ. ನನಗ ಅದು ಪೂರಾ ಹುಚ್ಚು ಅನ್ಸೂದಿಲ್ಲ, ಪೂರಾ ಶ್ಯಾಣ್ಯಾತನಾನೂ ಅನ್ಸೂದಿಲ್ಲ.

ಕೆಲಸ ಏನಪಾ ಅಂದ್ರ, ಹೊಡೆದು ಉಳಿದ ಹಿತ್ತಾಳಿ ಕೊಳವಿ ಸರಿ ಮಾಡಿ, ತಳಕ್ಕ ಹೊಸ ಕೇಪು ಕೂಡಿಸಿ, ಮದ್ದು ಹಾಕಿ, ಮ್ಯಾಲೆ ಗುಂಡು ಒತ್ತೂದು. ಮದ್ದಿನ ತೂಕ ಗ್ರೇನ್ ಲೆಕ್ಕದಾಗ. ಒಂದು ಗ್ರೇನ್ ಅಂದ್ರ 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿ ಸುಮಾರು 120. ಇಂವ ಗ್ರೇನಿನ ಹತ್ತನೇ ಪಾಲು ನೋಡ್ತಾನ. ಅಂದ್ರ ಎರಡು-ಮೂರು ಸಾಸಿವಿಕಾಳಿನಷ್ಟು!

ಇಷ್ಟು ಬೇಕೇನು? ನೂರು ಮೀಟರಿಗೆ ಹೊಡಿಯಾವಗ ಆ ಸಾಸಿವಿಕಾಳಿನ ಫರಕ ಬಹಳ ಕಾಣಂಗಿಲ್ಲ. ಕೈ ನಡುಗಿದ್ರ, ಉಸಿರು ತಪ್ಪಿದ್ರ ಅದಕ್ಕಿಂತ ದೂರ ಹೋಗತೈತಿ ಗುಂಡು. ಸಾವಿರ ಮೀಟರಿಗೆ ಹೊಡಿಯೋರ ಮಾತು ಬ್ಯಾರೆ. ಮದ್ದು ಹೆಚ್ಚುಕಡಿಮಿ ಆದ್ರ ವೇಗ ಹೆಚ್ಚುಕಡಿಮಿ. ಅಷ್ಟು ದೂರದಾಗ ನಿಧಾನ ಹೋದದ್ದು ಕೆಳಗ ಬೀಳತೈತಿ. ಅದಕ್ಕ ನನ್ನ ಮಾತು: ಗುರಿಗೆ ಎಷ್ಟು ಬೇಕೋ ಅಷ್ಟ ತೂಗು, ಉಳಿದ ಹೊತ್ತು ಕೈ ಪಳಗಿಸು.

ಜೀವದ ವಿಷಯಕ್ಕ ಮಾತ್ರ ಈ ರಿಯಾಯ್ತಿ ಇಲ್ಲ. ರೊಟ್ಟಿ ಹಿಟ್ಟಿಗೆ ನಾವು ನೀರು ಅಳಿಯಂಗಿಲ್ಲ. ಕಡಿಮಿ ಬಿದ್ರ ಮತ್ತಷ್ಟು, ಹೆಚ್ಚಾದ್ರ ಹಿಡಿ ಹಿಟ್ಟು. ಮುಚ್ಚಿದ ಕಾಡತೂಸಿನಾಗ ತಿದ್ದಾಕ ಬರೂದಿಲ್ಲ. ಪುಸ್ತಕದಾಗ ಕೊಟ್ಟ ಮಿತಿ ದಾಟಿದ್ರ ಒತ್ತಡ ಏರಿ ಬಂದೂಕ ಒಡೀಬಹುದು, ಹಿಡಿದಾಂವನ ಕಣ್ಣು ಹೋಗಬಹುದು. ಮಾತಾಡಕೋಂತ ಒಂದ ಕೊಳವಿಗೆ ಎರಡು ಸಲ ಮದ್ದು ಹಾಕಿದ್ರೂ ಅದ ಗತಿ.

ನಮ್ಮ ಕಿತ್ತೂರಿನ ಕಥಿನ ನೋಡ್ರಿ. 1824ರ ಅಕ್ಟೋಬರ್ 23ಕ್ಕ ಥ್ಯಾಕರೆ ಬಿದ್ದದ್ದು ಅಮಟೂರ ಬಾಳಪ್ಪನ ಗುಂಡಿಗೆ. ಆಗಿನ ಬಂದೂಕಿಗೆ ನಳಿಗಿ ಬಾಯಿಂದ ಮದ್ದು ಸುರೀತಿದ್ರು. ಗೆದ್ದದ್ದು ಕಣ್ಣು ಮತ್ತ ಕೈ. ಮುಂದ ಡಿಸೆಂಬರಿನ ಯುದ್ಧಕ್ಕ ಒಳಗಿನವರ ಮದ್ದಿಗೆ ಸಗಣಿ ಬೆರೆಸಿದ್ರು ಅಂತ ಜನ ಹೇಳ್ತಾರ. ಮದ್ದು ಕೆಟ್ಟ ಮ್ಯಾಲೆ ಎಂಥಾ ಗುರಿಕಾರ ಇದ್ರೇನು?

ಆ ಹುಡುಗನ ಹೇಣ್ತಿಗೆ ನಾನು ಹೇಳೂದು ಇಷ್ಟ. ಸಾಸಿವಿಕಾಳಿನ ಲೆಕ್ಕಕ್ಕ ಜಗಳ ತಗೀಬ್ಯಾಡವ್ವಾ. ಮದ್ದಿನ ಡಬ್ಬಿಗೆ ಕೀಲಿ ಬಿದ್ದೈತಿಲ್ಲೋ ನೋಡು, ಕೂಸನ್ನ ಆ ಖೋಲಿಗೆ ಬಿಡಬ್ಯಾಡ. ಅಂವ ತೂಗಾಕ ಕುಂತಾಗ ಊರಿಂದ ನಾವು ಫೋನ್ ಮಾಡಿದ್ರೂ ಕೊಡಬ್ಯಾಡ.