ಬಾಗಿಲು ಹಾಕಿದೆ ಅಂತ ಗೋಡೆ ಒಡೆಯೋದಾ?

ಸೈಟ್ ಒಂದು ಕಡೆ, ಅದರ ಡೇಟಾಬೇಸ್ ಇನ್ನೊಂದು ಕಡೆ ಇಟ್ಟುಕೊಂಡವರು ಯಾವತ್ತಾದರೂ ಒಂದು ದಿನ ಈ ಸಾಲನ್ನು ನೋಡಿಯೇ ನೋಡ್ತಾರೆ: "ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್". ವರ್ಡ್‌ಪ್ರೆಸ್ ದಪ್ಪಕ್ಷರದಲ್ಲಿ ತೋರಿಸೋ ಈ ವಾಕ್ಯದಷ್ಟು ಕೆಲಸಕ್ಕೆ ಬಾರದ ವಾಕ್ಯ ಇನ್ನೊಂದಿಲ್ಲ. ಏನೋ ಕೆಟ್ಟಿದೆ ಅನ್ನುತ್ತೆ, ಎಲ್ಲಿ ಅಂತ ಹೇಳಲ್ಲ. ಆಗ ಹೆಚ್ಚಿನವರು ಏನು ಮಾಡ್ತಾರೆ ಗೊತ್ತಾ? ಹುಡುಕಿದಾಗ ಸಿಕ್ಕ ಸಲಹೆಗಳನ್ನೆಲ್ಲ ಒಟ್ಟಿಗೆ ಹಚ್ಚಿಬಿಡ್ತಾರೆ. ಫೈರ್‌ವಾಲ್ ನಿಲ್ಲಿಸು. ಬೈಂಡ್-ಅಡ್ರೆಸ್ 0.0.0.0 ಮಾಡು. ಡೇಟಾಬೇಸಿನ ಬಳಕೆದಾರನಿಗೆ '%' ಹಾಕಿ ಎಲ್ಲಿಂದ ಬೇಕಾದರೂ ಬಾರಪ್ಪಾ ಅನ್ನು. ಎಸ್‌ಇಲಿನಕ್ಸ್ ಆರಿಸು. ಸೈಟ್ ಬಂತು! ಕಾಫಿ ಕುಡಿದು ಮಲಗಿದರು.

ನನ್ನ ತಕರಾರು ಇರೋದು ಇಲ್ಲೇ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಗಾದೆ ಇದೆಯಲ್ಲ, ಇವರು ಮೂಗಿನ ಜೊತೆಗೆ ಕಿವಿಯನ್ನೂ ಕೊಯ್ದುಕೊಂಡವರು. ಆ ನಾಲ್ಕರಲ್ಲಿ ನಿಜಕ್ಕೂ ಬೇಕಿದ್ದದ್ದು ಬಹುಶಃ ಒಂದೇ, ಅದೂ ಅರ್ಧದಷ್ಟು. ಉಳಿದ ಮೂರು ಬಾಗಿಲು ಸುಮ್ಮನೆ ತೆರೆದುಕೊಂಡವು. ಯಾವುದರಿಂದ ಸರಿಹೋಯ್ತು ಅಂತ ಗೊತ್ತಿಲ್ಲದ ಕಾರಣ ಮತ್ತೆ ಮುಚ್ಚೋಕೂ ಧೈರ್ಯ ಬರಲ್ಲ. ಒಂದು ಹೋಸ್ಟಿಂಗ್ ಕಂಪೆನಿಯ ಸಹಾಯವಾಣಿಯವರು (ಹೆಸರು ಬೇಡ ಬಿಡಿ) ಆ '%' ಉಪಾಯವನ್ನೇ ಅಧಿಕೃತ ಪರಿಹಾರ ಅಂತ ಮೈಲ್ ಮಾಡಿದ್ದನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ಬ್ಲಾಗಿನ ಡೇಟಾಬೇಸಲ್ಲಿ ಕದಿಯೋಕೆ ಏನಿದೆ ಮಹಾ ಅಂತೀರಾ? ನಿಮ್ಮ ಕವನ ಯಾರಿಗೂ ಬೇಡದೆ ಇರಬಹುದು :) ಆದರೆ ಕಾಮೆಂಟ್ ಹಾಕಿದ ಪ್ರತಿಯೊಬ್ಬರ ಇಮೈಲ್ ವಿಳಾಸ, ಅವರ ಐಪಿ ವಿಳಾಸ ಅಲ್ಲೇ ಕೂತಿರುತ್ತೆ. "ನಿಮ್ಮ ವಿಳಾಸ ಪ್ರಕಟಿಸುವುದಿಲ್ಲ" ಅಂತ ನಾವೇ ಮಾತು ಕೊಟ್ಟು ಇಸಿದುಕೊಂಡದ್ದು ಅದು. ಇನ್ನು ಕದಿಯೋರು ಬಂದು ಓದಿ ನೋಡಿ ಆರಿಸೋದಿಲ್ಲ, ಎಲ್ಲ ಯಂತ್ರದ ಕೆಲಸ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಅಳಿಸಿ, ಆ ಜಾಗದಲ್ಲಿ ಬಿಟ್‌ಕಾಯಿನ್ ಕೇಳುವ ಚೀಟಿ ಇಟ್ಟುಹೋದರು. ಮುಂದಿನ ತಿಂಗಳೇ ಅದೇ ಆಟ ಮೈಎಸ್‌ಕ್ಯೂಎಲ್ ಸರ್ವರ್‌ಗಳ ಮೇಲೂ ನಡೆಯಿತು. ದುಡ್ಡು ಕೊಟ್ಟರೂ ಎಷ್ಟೋ ಮಂದಿಗೆ ಏನೂ ವಾಪಸ್ ಬರಲಿಲ್ಲ, ಯಾಕೆಂದರೆ ಅಳಿಸುವ ಮೊದಲು ಪ್ರತಿ ತೆಗೆದುಕೊಂಡೇ ಇರಲಿಲ್ಲ. ಇಷ್ಟಾದ ಮೇಲೆ ಜನ ಬುದ್ಧಿ ಕಲಿತರಾ? 2022ರ ಮೇ ತಿಂಗಳಲ್ಲಿ ಶ್ಯಾಡೋಸರ್ವರ್ ಸಂಸ್ಥೆ ಎಣಿಸಿದಾಗ 3306ನೇ ಪೋರ್ಟಿನಲ್ಲಿ ಯಾರು ಕೂಗಿದರೂ ಓಗೊಡುವ ಮೈಎಸ್‌ಕ್ಯೂಎಲ್ ಸರ್ವರ್‌ಗಳು 36 ಲಕ್ಷಕ್ಕೂ ಹೆಚ್ಚು ಸಿಕ್ಕವು. ಅದರಲ್ಲಿ ಎಷ್ಟು "ಈಗ ಕನೆಕ್ಟ್ ಆಯ್ತು" ಅಂತ ಖುಷಿಪಟ್ಟವರದ್ದೋ.

ಹಾಗಾದರೆ ಏನು ಮಾಡಬೇಕು? ಮೊದಲು ಆ ದಪ್ಪಕ್ಷರವನ್ನು ಮರೆತುಬಿಡಿ. ವೆಬ್ ಸರ್ವರಿನ ಮೇಲೆ ನಿಂತು, ಅಲ್ಲಿಂದಲೇ, ಕಮಾಂಡ್ ಲೈನಿನ ಮೈಎಸ್‌ಕ್ಯೂಎಲ್ ಕ್ಲೈಂಟಿನಿಂದ ಆ ದೂರದ ಡೇಟಾಬೇಸಿಗೆ ಸಂಪರ್ಕಿಸಿ ನೋಡಿ. ಮನೆಯ ಲ್ಯಾಪ್‌ಟಾಪಿನಿಂದ ನೋಡಿ "ನನಗೆ ಬರ್ತಿದೆಯಲ್ಲ" ಅನ್ನಬೇಡಿ. ಲ್ಯಾಪ್‌ಟಾಪಿನ ದಾರಿ ಬೇರೆ, ಸರ್ವರಿನ ದಾರಿ ಬೇರೆ. 2003 ಅನ್ನೋ ಎರರ್ ಬಂದರೆ ಅದರ ಕೊನೆಯಲ್ಲಿ ಆವರಣದೊಳಗೆ ಒಂದು ಪುಟ್ಟ ಸಂಖ್ಯೆ ಇರುತ್ತೆ. ಎಲ್ಲರೂ 2003 ಅಂತ ಹುಡುಕ್ತಾರೆ, ಆವರಣದ ಒಳಗೆ ಇಣುಕೋದೇ ಇಲ್ಲ. ಕಥೆಯೆಲ್ಲ ಇರೋದೇ ಅಲ್ಲಿ.

ಲಿನಕ್ಸಿನಲ್ಲಿ 111 ಅಂದರೆ ಕನೆಕ್ಷನ್ ರೆಫ್ಯೂಸ್ಡ್. ಅಂದರೆ ನಿಮ್ಮ ಕರೆ ಆ ಯಂತ್ರದವರೆಗೆ ಹೋಯಿತು, ಆದರೆ ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ. ಡೇಟಾಬೇಸ್ ಸತ್ತಿರಬಹುದು, ಇಲ್ಲವೇ ಬೈಂಡ್-ಅಡ್ರೆಸ್ 127.0.0.1 ಆಗಿದ್ದು ತನ್ನ ಮನೆಯವರ ಮಾತು ಮಾತ್ರ ಕೇಳಿಸಿಕೊಳ್ತಿರಬಹುದು. (ಫೈರ್‌ವಾಲ್ ಬೇಕೆಂದೇ ಹೀಗೆ ಉತ್ತರಿಸುವಂತೆ ಮಾಡೋದೂ ಉಂಟು, ಆದರೆ ಅಪರೂಪ.) 110 ಅಂದರೆ ಟೈಮ್ಡ್ ಔಟ್. ಉತ್ತರವೇ ಇಲ್ಲ, ಕಾದು ಕಾದು ಸುಸ್ತು. ಇದು ಸಾಮಾನ್ಯವಾಗಿ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ ನುಂಗುತ್ತಿರೋ ಲಕ್ಷಣ. ಬೈಂಡ್-ಅಡ್ರೆಸ್ ಎಷ್ಟು ಸಲ ತಿದ್ದಿದರೂ 110 ಹೋಗಲ್ಲ! 113ರದ್ದು ಇನ್ನೂ ತಮಾಷೆ. "ನೋ ರೂಟ್ ಟು ಹೋಸ್ಟ್" ಅನ್ನುತ್ತೆ, ನಾವು ದಾರಿಯೇ ಇಲ್ಲವೇನೋ ಅಂತ ನೆಟ್‌ವರ್ಕ್ ಕೆದಕ್ತಾ ಕೂರ್ತೀವಿ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಬಹಳ ಸಲ ಇದು ಆ ಕಡೆಯ ಫೈರ್‌ವಾಲ್ "ಪ್ರವೇಶವಿಲ್ಲ" ಅಂತ ಹೇಳಿ ಕಳಿಸೋ ರೀತಿ ಅಷ್ಟೇ.

ಕಮಾಂಡ್ ಲೈನಿನಲ್ಲಿ ಎಲ್ಲ ಸರಿಯಿದ್ದು, ಅದೇ ಯಂತ್ರದ ಪಿಎಚ್‌ಪಿಯಿಂದ ಮಾತ್ರ "ಪರ್ಮಿಷನ್ ಡಿನೈಡ್", ಸಂಖ್ಯೆ 13, ಬಂದರೆ ಎಸ್‌ಇಲಿನಕ್ಸ್ ಕಡೆ ನೋಡಿ. ವೆಬ್ ಸರ್ವರ್ ತಾನಾಗಿ ಹೊರಗಿನ ಡೇಟಾಬೇಸಿಗೆ ಹೋಗಬಾರದು ಅನ್ನೋದು ಅದರ ಮೂಲ ನಿಯಮ. ಅದನ್ನು ಸಡಿಲಿಸೋಕೆ ಅಂತಲೇ ಒಂದು ಸ್ವಿಚ್ ಇದೆ, "ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್ ಡಿಬಿ" ಅಂತ. ಹೆಸರಿನಲ್ಲೇ ಎಲ್ಲ ಬರೆದಿದೆ ಸ್ವಾಮಿ! ಅದೊಂದನ್ನು ಆನ್ ಮಾಡಿದರೆ ಮುಗಿಯಿತು, ಕಾವಲುಗಾರನನ್ನೇ ಮನೆಗೆ ಕಳಿಸಬೇಕಿಲ್ಲ.

ಇನ್ನು 1130, 1045 ಬಂದರೆ ಸಂತೋಷಪಡಿ. ನೆಟ್‌ವರ್ಕ್ ಪೂರ್ತಿ ಸರಿಯಿದೆ, ಡೇಟಾಬೇಸೇ ಎದುರು ನಿಂತು ನಿಮ್ಮ ಜೊತೆ ಮಾತಾಡ್ತಿದೆ ಅಂತ ಅರ್ಥ. ಫೈರ್‌ವಾಲ್ ಮುಟ್ಟಲೇಬೇಡಿ. ಆ ಸಂದೇಶದಲ್ಲಿ ಒಂದು ವಿಳಾಸ ಇರುತ್ತೆ ನೋಡಿ, ಸರ್ವರಿಗೆ ನೀವು ಎಲ್ಲಿಂದ ಬಂದಂತೆ ಕಾಣ್ತಿದ್ದೀರಿ ಅನ್ನೋದು ಅದೇ. ಸೈಟನ್ನು ಪಿಂಗ್ ಮಾಡಿದಾಗ ಸಿಗೋ ವಿಳಾಸಕ್ಕೆ ಅನುಮತಿ ಕೊಟ್ಟು "ಆದರೂ ಬರಲ್ಲ" ಅಂತ ತಲೆ ಕೆರೆದುಕೊಳ್ಳೋರು ತುಂಬಾ ಜನ. ಶೇರ್ಡ್ ಹೋಸ್ಟಿಂಗಿನಲ್ಲಿ ಒಳಗೆ ಬರೋ ವಿಳಾಸ ಒಂದು, ಹೊರಗೆ ಹೋಗೋ ವಿಳಾಸ ಇನ್ನೊಂದು ಇರಬಹುದು. ಎರರ್ ಹೇಳಿದ ವಿಳಾಸಕ್ಕೇ ಅನುಮತಿ ಕೊಡಿ, '%' ಬೇಕಾಗಲ್ಲ. ಮತ್ತೆ, ಮೈಎಸ್‌ಕ್ಯೂಎಲ್‌ಗೆ ಲೋಕಲ್‌ಹೋಸ್ಟಿನ ರವಿ ಬೇರೆ, ಹೊರಗಿನಿಂದ ಬರೋ ರವಿ ಬೇರೆ. ಹೆಸರು ಒಂದೇ ಆದರೂ ಎರಡು ಖಾತೆ, ಎರಡು ಪಾಸ್‌ವರ್ಡ್.

ನನ್ನನ್ನು ಕೇಳಿದರೆ 3306 ಅನ್ನು ಹೊರಗೆ ತೋರಿಸೋದೇ ಬೇಡ. ವೆಬ್ ಸರ್ವರಿನಿಂದ ಡೇಟಾಬೇಸ್ ಯಂತ್ರಕ್ಕೆ ಎಸ್‌ಎಸ್‌ಎಚ್ ಸುರಂಗ ಕೊರೆದುಕೊಳ್ಳಿ. ಬೈಂಡ್-ಅಡ್ರೆಸ್ ಇದ್ದ ಹಾಗೇ ಇರುತ್ತೆ, ಜೊತೆಗೆ ದಾರಿಯಲ್ಲಿ ಯಾರೂ ಓದೋ ಹಾಗಿಲ್ಲ. ಪಿಎಚ್‌ಪಿಯ ಮೈಎಸ್‌ಕ್ಯೂಎಲ್ ಸಂಪರ್ಕ ನಾವಾಗಿ ಕೇಳದ ಹೊರತು ಟಿಎಲ್‌ಎಸ್ ಬಳಸಲ್ಲ ಅನ್ನೋದು ನೆನಪಿರಲಿ. ಒಂದೇ ಕಿರಿಕಿರಿ: ಸುರಂಗ ಇದ್ದಾಗ ಸಂರಚನೆಯಲ್ಲಿ ಲೋಕಲ್‌ಹೋಸ್ಟ್ ಅಂತ ಬರೆಯಬಾರದು, 127.0.0.1 ಅಂತಲೇ ಬರೆಯಬೇಕು. ಲೋಕಲ್‌ಹೋಸ್ಟ್ ಅಂದ ತಕ್ಷಣ ಲಿನಕ್ಸಿನಲ್ಲಿ ಅದು ನೆಟ್‌ವರ್ಕ್ ಬಿಟ್ಟು ಆ ಯಂತ್ರದ್ದೇ ಸಾಕೆಟ್ ಫೈಲ್ ಹುಡುಕೋಕೆ ಹೋಗುತ್ತೆ.

ಕನ್ನಡದಲ್ಲಿ ಬರೆಯೋ ನಮಗೆ ಮಾತ್ರ ಇನ್ನೊಂದು ಕಂಟಕ ಇದೆ. ಸಂಪರ್ಕ ಬಂತು, ಪುಟ ತೆರೆಯಿತು, ನೋಡಿದರೆ ಬರಹದ ಜಾಗದಲ್ಲಿ ಬರೀ ???????. ಇಂಗ್ಲಿಷ್ ಬ್ಲಾಗಿನವರಿಗೆ ಈ ಸಂಕಟ ಗೊತ್ತೇ ಆಗಲ್ಲ. ಸಂಪರ್ಕಕ್ಕೂ ತನ್ನದೇ ಅಕ್ಷರ ಸಂಕೇತ ಇರುತ್ತೆ. 2018ರಲ್ಲಿ ಬಂದ 8.0 ಆವೃತ್ತಿಗೆ ಮೊದಲು ಮೈಎಸ್‌ಕ್ಯೂಎಲ್‌ನ ಮೂಲ ಆಯ್ಕೆ ಲ್ಯಾಟಿನ್1, ಆಮೇಲೆ ಯುಟಿಎಫ್8ಎಂಬಿ4. ಹಳೇ ಸರ್ವರಿನಿಂದ ಹೊಸದಕ್ಕೋ ಹೊಸದರಿಂದ ಹಳೇದಕ್ಕೋ ಹೋದಾಗ ಇದು ಅದಲುಬದಲಾಗಬಹುದು. ಲ್ಯಾಟಿನ್1ರಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲ, ಹಾಗಾಗಿ ಓದುವಾಗ ಪ್ರಶ್ನಾರ್ಥಕ ಚಿಹ್ನೆ ಕೊಡುತ್ತೆ. ಆ ಹೊತ್ತಿಗೆ ಒಳಗಿನ ಬರಹ ಇನ್ನೂ ಕ್ಷೇಮವಾಗಿರಬಹುದು. ಗಾಬರಿಯಲ್ಲಿ ಎಡಿಟ್ ತೆರೆದು ಸೇವ್ ಒತ್ತಿದಿರೋ, ಆ ಪ್ರಶ್ನಾರ್ಥಕ ಚಿಹ್ನೆಗಳೇ ಡೇಟಾಬೇಸಿನಲ್ಲಿ ಕೂರುತ್ತವೆ. ಹೋಯಿತು, ಬ್ಯಾಕಪ್ ಇಲ್ಲದಿದ್ದರೆ ಬ್ರಹ್ಮ ಬಂದರೂ ವಾಪಸ್ ಬರಲ್ಲ. ಮೊದಲು ಸಂಪರ್ಕದ ಸಂಕೇತ ಸರಿಮಾಡಿ, ಆಮೇಲೆ ಉಳಿದದ್ದು.

ಇಷ್ಟೆಲ್ಲ ಓದಿ "ಯಾಕಪ್ಪಾ ಈ ದೂರದ ಡೇಟಾಬೇಸ್ ಸಹವಾಸ" ಅನ್ನಿಸಿದರೆ ನಾನು ನಿಮ್ಮ ಪಕ್ಷ. ದೊಡ್ಡ ಸೈಟಿಗೆ ಬೇಕು, ಒಪ್ಪಿದೆ. ದಿನಕ್ಕೆ ಐವತ್ತು ಜನ ಓದುವ ಬ್ಲಾಗಿಗೆ ಯಾತಕ್ಕೆ? ಲೆಕ್ಕ ಹಾಕಿ: ಒಂದು ಪುಟಕ್ಕೆ 50 ಪ್ರಶ್ನೆ ಡೇಟಾಬೇಸಿಗೆ ಹೋಗುತ್ತೆ ಅಂದುಕೊಳ್ಳಿ, ಹೋಗಿ ಬರೋಕೆ ಪ್ರತಿ ಸಲ 200 ಮಿಲಿಸೆಕೆಂಡ್. ಸರ್ವರ್ ಬೆಂಗಳೂರಲ್ಲಿದ್ದು ಡೇಟಾಬೇಸ್ ಅಮೆರಿಕದಲ್ಲಿದ್ದರೆ ಅಷ್ಟಂತೂ ಆಗುತ್ತೆ. ಬರೀ ಓಡಾಟಕ್ಕೇ 10 ಸೆಕೆಂಡ್. ಅಷ್ಟು ಹೊತ್ತು ಕಾಯೋ ಓದುಗ ನಿಮಗೆ ಸಿಕ್ಕಿದ್ದರೆ ಅವರ ವಿಳಾಸ ನನಗೂ ಕೊಡಿ :)