ಊರ ಜ್ವರದ ಲೆಕ್ಕವು ಊರಿಗೆ ತಿಳಿಯಲಿ

ಮಳೆಗಾಲ ಹಿಡಿದು ನಾಲ್ಕು ವಾರ ಕಳೆಯಿತೆಂದರೆ ಮನೆಮನೆಯಲ್ಲಿಯೂ ಕೆಮ್ಮು, ಮೈಕೈನೋವು, ಜ್ವರ. ಹವೆ ಬದಲಾಯಿತೆಂದು ಕಷಾಯ ಕುಡಿದು ಮಲಗುವವರೇ ಬಹಳ. ಅದು ಬರಿಯ ನೆಗಡಿಯೋ ಇನ್‌ಫ್ಲುಯೆಂಜಾ ಜ್ವರವೋ, ನಮ್ಮ ಊರಲ್ಲಿ ಹೋದ ವಾರ ಎಷ್ಟು ಜನ ಹಾಸಿಗೆ ಹಿಡಿದರು, ಈ ವಾರ ಎಷ್ಟು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ.

ಈ ಉದಾಸೀನಕ್ಕೆ ನಾವು ಹಿಂದೆ ತೆತ್ತ ಬೆಲೆ ಅಲ್ಪವಲ್ಲ. 1918ನೆಯ ಇಸವಿಯ ಜೂನ್ ತಿಂಗಳಲ್ಲಿ ಮುಂಬಯಿ ಬಂದರದಲ್ಲಿ ಕಾಣಿಸಿಕೊಂಡ ಈ ಜ್ವರವು ಉಗಿಬಂಡಿಯ ದಾರಿ ಹಿಡಿದು ಒಳನಾಡಿಗೆ ನುಗ್ಗಿ, ಹಿಂದುಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜೀವಗಳನ್ನು ಕೊಂಡಿತು. 1911ರಿಂದ 1921ರ ವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆಯು ಏರುವುದರ ಬದಲು ಇಳಿಯಿತು. ಕನ್ನಡಿಗರ ಸಾವುಗಳಾದರೋ ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಬೇರೆ ಬೇರೆ ಆಡಳಿತಗಳ ಕಡತಗಳಲ್ಲಿ ಹಂಚಿಹೋದುವು. 1956ರಲ್ಲಿ ನಾಡು ಒಂದಾದ ಮೇಲೆ ಆ ನೆವವೂ ಉಳಿದಿಲ್ಲ.

ಲೆಕ್ಕವಿಡುವ ವ್ಯವಸ್ಥೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆ, ವೈದ್ಯರು, ಪ್ರಯೋಗಶಾಲೆ, ಈ ಮೂವರೂ ತಮ್ಮ ತಮ್ಮ ವರದಿ ಕಳುಹಿಸತಕ್ಕದ್ದು. 2021ರಿಂದ ಅದು ಗಣಕಯಂತ್ರದ ಮೂಲಕವೇ ನಡೆದಿದೆ. ಹತ್ತು ದಿನದೊಳಗೆ ಹಿಡಿದ, 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಅಥವಾ ಮೀರಿದ ಜ್ವರ, ಅದರೊಡನೆ ಕೆಮ್ಮು ಇದ್ದರೆ ಇನ್‌ಫ್ಲುಯೆಂಜಾದಂಥ ಬೇನೆಯೆಂದು ಎಣಿಸುವುದು ಪದ್ಧತಿ. ವರ್ಷಕ್ಕೆ ಎರಡು ಸಲ, ಜನವರಿಯಿಂದ ಮಾರ್ಚಿನ ವರೆಗೆ ಮತ್ತು ಮಳೆಗಾಲದಲ್ಲಿ, ಇದು ಹೆಡೆಯೆತ್ತುತ್ತದೆಂಬುದು ಇಂಥ ಲೆಕ್ಕದಿಂದಲೇ ತಿಳಿದ ಸಂಗತಿ. 2023ರ ಮಾರ್ಚಿನಲ್ಲಿ ಎಚ್3ಎನ್2 ಜ್ವರದಿಂದ ಮಡಿದರೆಂದು ಕೇಂದ್ರ ಸರಕಾರವು ಮೊದಲು ಸಾರಿದ ಇಬ್ಬರಲ್ಲಿ ಒಬ್ಬರು ಕರ್ನಾಟಕದವರು.

ಆದರೆ ಅಂಕಿಗಳು ಹಳ್ಳಿಯಿಂದ ದಿಲ್ಲಿಗೆ ಹತ್ತುವ ದಾರಿ ಅಗಲವಾಗಿದೆ, ಇಳಿದು ಬರುವ ದಾರಿ ಇಕ್ಕಟ್ಟಾಗಿದೆ. ಇಡೀ ರಾಜ್ಯದ ಮೊತ್ತವನ್ನು ತಡವಾಗಿ ಓದಿ ಒಂದು ತಾಲೂಕಿನವರು ಮಾಡುವುದೇನು? ಈ ಬೇನೆಯ ಔಷಧವು ಜ್ವರ ಬಂದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಗುಣ. ಲಸಿಕೆ ಹಾಕಿಸಿಕೊಂಡರೆ ಅದರ ಬಲ ಮೈಗೂಡಲು ಸುಮಾರು ಎರಡು ವಾರ ಬೇಕು. ಮುದುಕರು, ಬಸುರಿಯರು, ಎಳೆಗೂಸುಗಳು, ಉಬ್ಬಸ ಮತ್ತು ಸಕ್ಕರೆ ಬೇನೆಯವರು ಇರುವ ಮನೆಗೆ ಒಂದು ವಾರ ಮುಂಚಿನ ಸುಳಿವೆಂದರೆ ಸಣ್ಣ ಮಾತಲ್ಲ.

ಇಲ್ಲಿ ನಮ್ಮ ಉಪಾಧ್ಯಾಯ ಬಂಧುಗಳ ಕೈಯಲ್ಲಿ ಒಂದು ಸಾಧನವಿದೆ: ಹಾಜರಿ ಪುಸ್ತಕ. ಬಾರದ ಹುಡುಗನ ಹೆಸರಿನ ಮುಂದೆ 'ಜ್ವರ' ಎಂದು ಗುರುತು ಹಾಕಿ, ವಾರಕ್ಕೊಮ್ಮೆ ಕೂಡಿಸಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಸಾಕು. ಜಾತ್ರೆಗೆಂದೋ ಸುಗ್ಗಿಗೆಂದೋ ತಪ್ಪಿಸಿಕೊಂಡವರನ್ನು ಇದರಲ್ಲಿ ಬೆರಸಬಾರದು. ಬರಿಯ ಮೊತ್ತವೂ ಮೋಸಗೊಳಿಸುತ್ತದೆ. ದವಾಖಾನೆಗೆ ಬಂದ ನೂರು ಜನರಲ್ಲಿ ಎಷ್ಟು ಮಂದಿಗೆ ಜ್ವರ-ಕೆಮ್ಮು ಎಂಬುದೇ ನಿಜವಾದ ಅಳತೆ. ಖಾಸಗಿ ವೈದ್ಯರೂ ಈ ಲೆಕ್ಕಕ್ಕೆ ಸೇರದಿದ್ದರೆ ಅರ್ಧ ಊರೇ ಹೊರಗುಳಿದೀತು.

ಜನ ಹೆದರುವರೆಂದು ಅಧಿಕಾರಿಗಳು ಅನ್ನಬಹುದು. ಜನರನ್ನು ಹೆದರಿಸುವುದು ಗಾಳಿಮಾತು, ಅಂಕಿಯಲ್ಲ. ತಾಲೂಕು ಆರೋಗ್ಯಾಧಿಕಾರಿಗಳು ಪ್ರತಿ ಸೋಮವಾರ ಆಸ್ಪತ್ರೆಯ ಬಾಗಿಲಲ್ಲಿ, ಪಂಚಾಯತಿಯ ಹಲಗೆಯ ಮೇಲೆ, ರೋಗಿಗಳ ಹೆಸರಿಲ್ಲದೆ, ಕನ್ನಡದಲ್ಲಿ ಮೂರೇ ಅಂಕಿ ಬರೆಯಿಸಲಿ: ಈ ವಾರದ್ದು, ಹೋದ ವಾರದ್ದು, ಹಿಂದಿನ ವರ್ಷ ಇದೇ ವಾರದ್ದು.