ಮಾನಸ ಸರೋವರಕ್ಕ ಹೋಗ್ರಿ, ತಲಿನೋವು ಮಾತ್ರ ಮುಚ್ಚಿಡಬ್ಯಾಡ್ರಿ

ನಮ್ಮ ಶಕ್ತಿನಗರದ ಕಾಲೋನಿಯೊಳಗ ನಾಕು ಹೆಣ್ಮಕ್ಕಳು ಕುಂತ್ರ ಈಗ ಮಾನಸ ಸರೋವರದ ಮಾತು ಬರ್ತದ. ಐದು ವರ್ಷ ನಿಂತಿದ್ದ ಯಾತ್ರಾ 2025ರಾಗ ಮತ್ತ ಸುರು ಆಗ್ಯದ. "ಐವತ್ತು ದಾಟಿದ ಮ್ಯಾಲ ಅಷ್ಟು ದೂರ ಯಾಕ ಬೇಕವ್ವ, ಮನ್ಯಾಗ ಕುಂತು ನಾಮಸ್ಮರಣಿ ಮಾಡಿದ್ರ ಸಾಲದೇನು?" ಅಂತ ಕೆಲವರು ಅಂತಾರ. ಈ ಮಾತು ನಾನು ಒಪ್ಪಂಗಿಲ್ಲ. ಮೂವತ್ತು ವರ್ಷ ಒಲಿ ಮುಂದ ನಿಂತಾಕಿಗೆ ಆ ನೀರು ಒಮ್ಮೆ ನೋಡೋ ಆಸಿ ಇದ್ರ ಹೋಗ್ಲಿ. ಆದ್ರ ಏನು ಕೇಳಿದ್ರೂ "ನನಗೇನಾಗಿಲ್ಲ" ಅನ್ನೋ ನಮ್ಮ ಚಟ ಮನ್ಯಾಗ ಬಿಟ್ಟು ಹೋಗ್ಬೇಕು.

ನಮ್ಮ ರಾಯಚೂರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಮ್ಯಾಲದ. ಮಾನಸ ಸರೋವರ ಸುಮಾರು 4,590 ಮೀಟರ್, ಅಂದ್ರ 15 ಸಾವಿರ ಅಡಿ. ಇಲ್ಲಿ ಒಂದು ಉಸಿರಿನ್ಯಾಗ ನೂರು ಪಾಲು ಆಕ್ಸಿಜನ್ ಅಂದ್ರ, ಅಲ್ಲಿ ಅರವತ್ತರ ಹತ್ರ ಅಷ್ಟ. ಮೊದಲು ತಲಿ ಸಿಡೀತದ, ಹೊಟ್ಟಿ ತೊಳಸ್ತದ, ನಿದ್ದಿ ಬರಂಗಿಲ್ಲ. ಮನ್ಯಾಗಾದ್ರ ಹಣಿಗೆ ಅಮೃತಾಂಜನ ಹಚ್ಚಿಕೊಂಡು ರೊಟ್ಟಿ ಬಡೀತೀವಿ. ಅಲ್ಲಿ ಹಂಗ ತಡಕೊಂಡು ಇನ್ನೂ ಏರಿದ್ರ ಶ್ವಾಸಕೋಶದಾಗ, ಮಿದುಳಿನ್ಯಾಗ ನೀರು ತುಂಬಬಹುದು, ಜೀವಕ್ಕ ಬರ್ತದ. ಆವಾಗ ಮೊದಲ ಔಷಧ ತಡ ಮಾಡದ ಕೆಳಗ ಇಳಿಯೋದು. ಹೇಳಿದಾಕಿನ್ನ ಇಳಿಸ್ತಾರ, ಹೇಳದಾಕಿನ್ನ ಯಾರು ಇಳಿಸ್ಬೇಕು?

ಇನ್ನೊಂದು ಮಾತು, ಗಂಡಸರ ಮುಂದ ನಾವು ಹೇಳಂಗಿಲ್ಲ. ಪಾಯಖಾನಿ ಇರಂಗಿಲ್ಲಂತ ಹೆಣ್ಮಕ್ಕಳು ದಾರಿ ತುಂಬ ನೀರು ಕುಡಿಯಂಗಿಲ್ಲ. ಮ್ಯಾಲ ಸೋಮವಾರದ ಉಪವಾಸ ಬ್ಯಾರೆ. ಗುಡ್ಡದಾಗ ಇವೆರಡೂ ಬ್ಯಾಡ.

ಸರ್ಕಾರದ ಯಾತ್ರಾದಾಗ 18ರಿಂದ 70 ವಯಸ್ಸಿನವರಿಗೆ ಅವಕಾಶ ಅದ. ದಿಲ್ಲಿಯೊಳಗ ವೈದ್ಯಕೀಯ ಪರೀಕ್ಷಾ ಮಾಡ್ತಾರ, ಲಿಪುಲೇಖ ದಾರಿಯೊಳಗ ಗುಂಜಿ ಅನ್ನೋ ಊರಾಗ ಮತ್ತೊಮ್ಮೆ ನೋಡ್ತಾರ. ಆಗಂಗಿಲ್ಲ ಅಂದ್ರ ಅಲ್ಲಿಂದನ ವಾಪಸ್. ಇದು ಅವಮಾನ ಅಲ್ಲ.

2024ರ ಜೂನ್‌ದಾಗ ನಮ್ಮ ಕರ್ನಾಟಕದ ಮಂದಿ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕ ಚಾರಣ ಹೋಗಿದ್ರು. ಅದೂ 14 ಸಾವಿರ ಅಡಿ ಹತ್ರದ ಜಾಗ. 22 ಮಂದಿ ತಂಡದಾಗ 9 ಮಂದಿ ಹಿಮಗಾಳಿಗೆ ಸಿಕ್ಕು ತೀರಿಕೊಂಡ್ರು. "ವಯಸ್ಸಾದವರಿಗೆ ಯಾಕ ಬೇಕಿತ್ತು" ಅಂದ್ರು ಜನ. ತೀರಿಕೊಂಡವರಾಗ ಹರೇದವರೂ ಇದ್ರು. ಹಿಮಗಾಳಿ ವಯಸ್ಸು ಕೇಳಂಗಿಲ್ಲ.

ಕುರುವಪುರಕ್ಕ ಹೊಂಟಾಗ ಕೃಷ್ಣಾ ತುಂಬಿದ್ರ ಹರಗೋಲಿನವ "ಇವತ್ತು ಬ್ಯಾಡ್ರಿ ಅಮ್ಮಾರ" ಅಂತಾನ. ನಾವು ಈ ದಂಡಿ ಮ್ಯಾಲ ನಿಂತು ಕೈ ಮುಗದು ತಿರುಗಿ ಬರ್ತೀವಿ, ಯಾರೂ ನಗಂಗಿಲ್ಲ. ಸರೋವರಕ್ಕೂ ಅದ ನ್ಯಾಯ ಇರ್ಲಿ. ಅರ್ಧ ದಾರಿಯಿಂದ ತಿರುಗಿ ಬಂದಾಕಿಗೆ "ದರ್ಶನ ಆಗ್ಲಿಲ್ಲೇನು, ರೊಕ್ಕ ಹಾಳಾತಲ್ಲ" ಅನಬ್ಯಾಡ್ರಿ. ಆ ಮಾತಿಗೆ ಅಂಜೇ ಎಷ್ಟೋ ಮಂದಿ ತಲಿನೋವು ಮುಚ್ಚಿಡ್ತಾರ. ಆಕಿಗೆ ಕಾಲಿಗೆ ನೀರು ಕೊಟ್ಟು, ಚಾ ಮಾಡಿ ಕೊಡ್ರಿ.